ಮಿಸ್ ಡೋರ್ಕಾಸ್ ತವರಿಗೆ ಬಂದದ್ದು

ಅಲ್ಫಿಯಸ್‌ನ ಹೆಂಡತಿ ಯೂಲಾಲಿ ಅವನೊಂದಿಗೆ ಮಾತು ಬಿಟ್ಟು ಇಪ್ಪತ್ತೊಂದು ವರ್ಷವಾಗಿತ್ತು. ಅದರಿಂದ ಸಂಸಾರಕ್ಕೇನೂ ಕುಂದು ಬಂದಿರಲಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆಯಾಗುತ್ತಿತ್ತು. ಅಂಗಿಯ ಗುಂಡಿ ಕಿತ್ತುಹೋದರೆ ಮಾರನೆಯ ದಿನ ಆ ಜಾಗದಲ್ಲಿ ಬೇರೆ ಗುಂಡಿ ಇರುತ್ತಿತ್ತು. ಭಾನುವಾರ ಇಬ್ಬರೂ ಒಂದೇ ಕೊಡೆಯ ಕೆಳಗೆ ಚರ್ಚಿಗೆ ಹೋಗಿ, ಒಂದೇ ಪುಸ್ತಕ ನೋಡಿಕೊಂಡು ಹಾಡಿ, ಅದೇ ಕೊಡೆಯ ಕೆಳಗೆ ವಾಪಸು ಬರುತ್ತಿದ್ದರು. ಹೇಳದಿದ್ದರೆ ನಡೆಯುವುದೇ ಇಲ್ಲ ಅನ್ನುವಂಥ ಮಾತಿದ್ದರೆ ಯೂಲಾಲಿ ಅದನ್ನು ಮೇಕೆಗೆ ಹೇಳುತ್ತಿದ್ದಳು.

ಮೇಕೆಯ ಹೆಸರು ಬಿಷಪ್. ಗಂಡ ಹೆಂಡಿರ ನಡುವೆ ಓಡಾಡುವವನಿಗೆ ಒಂದು ಸ್ಥಾನಮಾನ ಇರಲಿ ಎಂದು ಅವಳೇ ಇಟ್ಟ ಹೆಸರು. ಇದು ಮೊದಲನೆಯ ಬಿಷಪ್ ಏನಲ್ಲ. ಹಿಂದಿನ ಬಿಷಪ್ಪುಗಳೆಲ್ಲ ತಮ್ಮ ತಮ್ಮ ಸೇವೆ ಮುಗಿಸಿ ಕ್ರಿಸ್‌ಮಸ್ಸಿನ ಪಾತ್ರೆ ಸೇರಿದ್ದರು.

"ಬಿಷಪ್, ಆ ಮನುಷ್ಯನಿಗೆ ಹೇಳು, ಛಾವಣಿ ತಗಡು ಎದ್ದಿದೆ" ಎಂದು ಯೂಲಾಲಿ ಹಿತ್ತಲ ಬಾಗಿಲಲ್ಲಿ ನಿಂತು ಹೇಳುವಳು. ಎರಡು ಮಾರು ದೂರದಲ್ಲಿ ಬಲೆ ಹೆಣೆಯುತ್ತ ಕೂತ ಅಲ್ಫಿಯಸ್ ತಲೆಯೆತ್ತಿ, "ಬಿಷಪ್, ಸುತ್ತಿಗೆ ಎಲ್ಲಿಟ್ಟಿದಾಳೆ ಅಂತ ಕೇಳು" ಅನ್ನುವನು. ಬಿಷಪ್ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಆದರೂ ಸುತ್ತಿಗೆ ಸಿಗುತ್ತಿತ್ತು.

ಮೊದಲ ಮೂರು ವರ್ಷ ಅಲ್ಫಿಯಸ್ ನೇರವಾಗಿಯೇ ಮಾತಾಡಿ ನೋಡಿದ್ದ. ತನ್ನನ್ನು ದಾಟಿ ಹಿಂದಿನ ಗೋಡೆಯನ್ನು ನೋಡುವ ಹೆಂಗಸಿನೊಂದಿಗೆ ಎಷ್ಟು ದಿನ ಮಾತಾಡುವುದು? ಆಮೇಲೆ ಅವನೂ ಮೇಕೆಯ ದಾರಿ ಹಿಡಿದ. ಅವನನ್ನು ಕೊರೆಯುತ್ತಿದ್ದದ್ದು ಮೌನವಲ್ಲ. ಅವಳು ಮೇಕೆಗೆ 'ನೀನು' ಅನ್ನುತ್ತಿದ್ದಳು, ಅವನಿಗೆ 'ಆ ಮನುಷ್ಯ'. ಎಪ್ಪತ್ತು ದಾಟಿದವನು ಮೇಕೆಯ ಮೇಲೆ ಹೊಟ್ಟೆಕಿಚ್ಚು ಪಡಬಾರದು. ಅವನು ಪಡುತ್ತಿದ್ದ.

ಇಷ್ಟಕ್ಕೂ ಕಾರಣ, ಅಲ್ಫಿಯಸ್ ತನ್ನ ಅತ್ತೆಯನ್ನು ಮಾರಿದ್ದು.

ಯೂಲಾಲಿಯ ತಂದೆ ಝೆಫಿರಿನ್ ಮಾಸ್ತರು ಇದೇ ಪೆತಿ ರೋಷ್ ದ್ವೀಪದಲ್ಲಿ ದೋಣಿ ಕಟ್ಟುತ್ತಿದ್ದವರು. ಅವರು ಕಟ್ಟಿದ ಕೊನೆಯ ದೊಡ್ಡ ಹಾಯಿದೋಣಿಗೆ ತೀರಿಹೋದ ತಮ್ಮ ಹೆಂಡತಿಯ ಹೆಸರಿಟ್ಟರು: ಮಿಸ್ ಡೋರ್ಕಾಸ್. ಪೆತಿ ರೋಷ್‌ನಲ್ಲಿ ದೋಣಿ ಅಂದರೆ ಮಗು. ನೀರಿಗಿಳಿಸುವ ದಿನ ಪಾದ್ರಿ ಬಂದು ಜ್ಞಾನಸ್ನಾನ ಮಾಡಿಸಬೇಕು, ಮೇಕೆ ಕಡಿಯಬೇಕು, ಮಗುವಿಗಿರುವ ಹಾಗೆ ದೋಣಿಗೂ ಒಬ್ಬಳು ಧರ್ಮತಾಯಿ ಇರಬೇಕು. ಝೆಫಿರಿನ್ ಮಾಸ್ತರು ತಾವು ಕಟ್ಟಿದ ಪ್ರತಿ ದೋಣಿಯ ಒಳಗೆ, ತೀರ ಹಿಂಬದಿಯ ನಿಲುಮರದಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಮೀನು ಕೊರೆಯುತ್ತಿದ್ದರು. ಆ ಮೀನಿಗೆ ಕಣ್ಣಿರುತ್ತಿರಲಿಲ್ಲ. ನೀರಿಗಿಳಿಸುವ ದಿನ ಧರ್ಮತಾಯಿ ಒಳಗೆ ಹೋಗಿ, ಮಾಸ್ತರ ಉಳಿಯಿಂದ ತನ್ನ ಕೈಯಾರೆ ಕಣ್ಣು ಕೊರೆದು ಬರಬೇಕು. ಮಿಸ್ ಡೋರ್ಕಾಸ್‌ಗೆ ಕಣ್ಣು ಕೊರೆದವಳು ಯೂಲಾಲಿ. ದೋಣಿ ನಡೆಸಲು ಸಿಕ್ಕಿದ್ದು ಅಳಿಯ ಅಲ್ಫಿಯಸ್‌ಗೆ.

ಹದಿನೇಳು ವರ್ಷ ಅವನು ಅದರಲ್ಲಿ ಸಿಮೆಂಟು, ಸಕ್ಕರೆ, ಈರುಳ್ಳಿ, ಒಮ್ಮೆ ಒಂದು ಪಿಯಾನೊ ಎಲ್ಲವನ್ನೂ ದ್ವೀಪದಿಂದ ದ್ವೀಪಕ್ಕೆ ಸಾಗಿಸಿದ. ಆಮೇಲೆ ಎಂಜಿನ್ ಹಡಗು ಬಂತು, ಹಾಯಿದೋಣಿಗೆ ಸರಕು ಕೊಡುವವರಿಲ್ಲವಾದರು. ಯೂಲಾಲಿ ತಂಗಿಯ ಗಂಡನ ಮಣ್ಣಿಗೆಂದು ದೊಡ್ಡ ದ್ವೀಪಕ್ಕೆ ಹೋಗಿದ್ದ ವಾರ, ಕೆಂಪು ಮೂಗಿನ ಪರದೇಶಿಯೊಬ್ಬ ಬಂದು ದೋಣಿ ಕೇಳಿದ. ಅಲ್ಫಿಯಸ್ ಕೊಟ್ಟುಬಿಟ್ಟ. ಯೂಲಾಲಿ ಎಂಜಿನ್ ಹಡಗಿನಲ್ಲಿ ಊರಿಗೆ ವಾಪಸು ಬರುತ್ತಿದ್ದಾಗ, ಮಿಸ್ ಡೋರ್ಕಾಸ್ ಕೊಲ್ಲಿಯಿಂದ ಹೊರಗೆ ಹೋಗುತ್ತ ಎದುರಾಯಿತು. ಚುಕ್ಕಾಣಿ ಹಿಡಿದಿದ್ದ ಕೆಂಪು ಮೂಗಿನವನು ಕೈ ಬೀಸಿದ. ಬಾಡಿಗೆಗೆ ಹೋಗುತ್ತಿರಬೇಕು ಎಂದುಕೊಂಡು ಇವಳೂ ಕೈ ಬೀಸಿದಳು.

ಕೈ ಬೀಸಿದ್ದೇ ಅವಳಿಗೆ ಹೆಚ್ಚು ಸಂಕಟವಾದದ್ದು. ಹಡಗುಕಟ್ಟೆಯ ಮೇಲೆ ಊರೆಲ್ಲ ನೆರೆದಿದ್ದಾಗ, ಪಾದ್ರಿಯ ಎದುರಿಗೆ, ಅವಳು ಹೇಳಿದ್ದು ಇಷ್ಟು: "ಮಿಸ್ ಡೋರ್ಕಾಸ್ ಈ ಕೊಲ್ಲಿಗೆ ವಾಪಸ್ ಬಂದು ಲಂಗರು ಹಾಕೋವರೆಗೂ ಈ ಮನುಷ್ಯನ ಹತ್ರ ಒಂದೇ ಒಂದು ಮಾತು ಆಡಿದ್ರೆ ಕೇಳಿ."

ಊರು ಕೇಳಿಸಿಕೊಂಡಿತ್ತು. ಪೆತಿ ರೋಷ್‌ನಲ್ಲಿ ಬೇರೆ ಕೆಲಸ ಕಡಿಮೆ, ನೆನಪಿಟ್ಟುಕೊಳ್ಳುವ ಕೆಲಸವನ್ನು ಮಾತ್ರ ಎಲ್ಲರೂ ಶ್ರದ್ಧೆಯಿಂದ ಮಾಡುತ್ತಾರೆ. ಅಂದಿನಿಂದ ಅಲ್ಫಿಯಸ್‌ಗೆ ಅತ್ತೆ ಮಾರಿದವನೆಂದು ಹೆಸರಾಯಿತು.

ಪ್ರತಿ ವರ್ಷ ಕ್ರಿಸ್‌ಮಸ್ ಗಾಳಿ ಎದ್ದ ಮೇಲೆ ಕೊಲ್ಲಿಗೆ ಪರದೇಶಿಗಳ ಯಾಟುಗಳು, ಅಂದರೆ ಖಾಸಗಿ ವಿಹಾರದೋಣಿಗಳು, ಬರಲು ಶುರುವಾಗುತ್ತವೆ. ಅವುಗಳ ಜನ ರಬ್ಬರ್ ದೋಣಿಯಲ್ಲಿ ದಡಕ್ಕೆ ಬಂದು ನೀರು, ಬ್ರೆಡ್ಡು, ಇಂಟರ್ನೆಟ್ಟು ಕೇಳಿ, ಇಲ್ಲಿ ಎಷ್ಟು ಪ್ರಶಾಂತವಾಗಿದೆ ಎಂದು ಪರಸ್ಪರ ಗಟ್ಟಿಯಾಗಿ ಹೇಳಿಕೊಂಡು ಹೋಗುತ್ತಾರೆ. ಯಾಟು ಬಂದಾಗಲೆಲ್ಲ ಯೂಲಾಲಿ ಸಮುದ್ರದ ಕಡೆಯ ಕಿಟಕಿ ತೆರೆದು, ಕಣ್ಣು ಕಿರಿದು ಮಾಡಿ ನೋಡಿ, ಕಿಟಕಿಯನ್ನು ದಢಾರನೆ ಮುಚ್ಚುತ್ತಿದ್ದಳು. ಆ ಸದ್ದು ತನಗೇ ಎಂದು ಅಲ್ಫಿಯಸ್‌ಗೆ ಗೊತ್ತಿತ್ತು. ಇವತ್ತೂ ಬರಲಿಲ್ಲ ನೋಡು, ಎಂದು ಕಿಟಕಿ ಹೇಳುತ್ತಿತ್ತು.

ಅವನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಸಿಮೆಂಟು ತಂದ ಹಡಗಿನ ನಾವಿಕನೊಬ್ಬ ಜೆಮ್ಮಾಳ ರಮ್ ಅಂಗಡಿಯಲ್ಲಿ ಅವನ ಪಕ್ಕ ಕೂತು, ಮಿಸ್ ಡೋರ್ಕಾಸ್ ಬಿರುಗಾಳಿಗೆ ಸಿಕ್ಕಿ ಉತ್ತರದ ಬಂಡೆಗಳಿಗೆ ಬಡಿದು ಚೂರಾಯಿತೆಂದೂ, ಅದರ ಹಲಗೆಗಳಿಂದ ಅಲ್ಲಿನವನೊಬ್ಬ ಕೋಳಿಗೂಡು ಕಟ್ಟಿಕೊಂಡಿದ್ದಾನೆಂದೂ, ಹೆಸರು ಬರೆದ ಹಲಗೆ ಗೂಡಿನ ಬಾಗಿಲಾಗಿದೆಯೆಂದೂ ಹೇಳಿದ್ದ. ಅಲ್ಫಿಯಸ್ ಅವನಿಗೆ ಇನ್ನೊಂದು ಗ್ಲಾಸು ಕುಡಿಸಿ, ಈ ಮಾತು ಇಲ್ಲಿಗೇ ಇರಲಿ ಎಂದು ಆಣೆ ಹಾಕಿಸಿಕೊಂಡ. ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತ. ಅತ್ತದ್ದು ದೋಣಿಗಾಗಿ, ಆಮೇಲೆ ತನಗಾಗಿ. ದೋಣಿ ಇಲ್ಲ ಎಂದು ಯೂಲಾಲಿಗೆ ತಿಳಿದರೆ ಅವಳು ಆಡಿದ ಮಾತಿಗೆ ಕೊನೆಯೇ ಇಲ್ಲ. ಇಬ್ಬರಲ್ಲಿ ಒಬ್ಬರು ಹೋಗುವತನಕ ಹೀಗೇ. ಹೋದ ಮೇಲೆ ಉಳಿದವರು ಯಾರ ಎದುರು ಸುಮ್ಮನಿರಬೇಕು?

ಹೀಗಿರುವಾಗ ಫೆಬ್ರವರಿಯ ಒಂದು ಬೆಳಿಗ್ಗೆ ಕೊಲ್ಲಿಗೆ ಒಂದು ಯಾಟು ಬಂತು. ಪ್ಲಾಸ್ಟಿಕ್ಕಿನದಲ್ಲ, ಮರದ್ದು. ಬಿಳಿ ಬಣ್ಣ, ಒಂದೇ ಹಾಯಿಕಂಬ, ಅಗಲ ಸೊಂಟ, ಹಿಂಭಾಗ ತುಸು ಎತ್ತರ, ಥೇಟ್ ಮಿಸ್ ಡೋರ್ಕಾಸ್‌ನದೇ ಮೈಕಟ್ಟು. ಹೆಸರು 'ಬೆರಿಟ್ ಎರಡು'. ಮೊದಲನೆಯ ಬೆರಿಟ್‌ಗೆ ಏನಾಯಿತೆಂದು ಯಾರೂ ಕೇಳಲಿಲ್ಲ, ಯಾಕೆಂದರೆ ಲಂಗರು ನೀರಿಗೆ ಬೀಳುವ ಮೊದಲೇ ದಡದಲ್ಲಿ ಬೊಬ್ಬೆ ಎದ್ದಿತ್ತು.

"ಕ್ಯಾಪ್ಟನ್! ಏ ಕ್ಯಾಪ್ಟನ್! ನಿನ್ನ ಅತ್ತೆ ಬಂದ್ಳು ನೋಡೋ!"

ಅಲ್ಫಿಯಸ್ ಬಲೆ ಕೆಳಗಿಟ್ಟು ನೋಡಿದ. ಒಂದು ಕ್ಷಣ ಅವನ ಎದೆಯೂ ಹಾರಿತು. ಆಮೇಲೆ ಅದು ಲಂಗರಿನ ಮೇಲೆ ನಿಂತ ರೀತಿ ನೋಡಿದ. ಮಿಸ್ ಡೋರ್ಕಾಸ್ ನಿಂತಾಗ ಯಾವಾಗಲೂ ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಬದುಕಿದ್ದಾಗ ಅತ್ತೆಯೂ ಹಾಗೇ ನಿಲ್ಲುತ್ತಿದ್ದಳು. ಇದು ನೆಟ್ಟಗೆ ನಿಂತಿತ್ತು. ಅಲ್ಲದೆ ಆ ಕೋಳಿಗೂಡು.

ಅವನು ಬಾಯಿ ತೆರೆಯಲಿಲ್ಲ. ಊರಿಗೆ ಊರೇ ಹೌದು ಅನ್ನುವಾಗ ಅಲ್ಲ ಅನ್ನಲು ತಾನು ಯಾರು?

ಯಾಟಿನ ಯಜಮಾನ ಡೆನ್ಮಾರ್ಕಿನವನು, ನಿವೃತ್ತ ದಂತವೈದ್ಯ, ಹೆಸರು ಹೆನಿಂಗ್. ಅವನ ಹೆಂಡತಿಯೇ ಬೆರಿಟ್. ಅವನು ರಬ್ಬರ್ ದೋಣಿ ಇಳಿಸುವ ಹೊತ್ತಿಗೆ ಊರಿನ ಆರೇಳು ದೋಣಿಗಳು ಸುತ್ತ ಬಂದು ನಿಂತಿದ್ದವು. ತವರಿಗೆ ಬಂದ ಮಗಳನ್ನು ಬರಿಗೈಯಲ್ಲಿ ನೋಡುವುದುಂಟೇ? ಒಬ್ಬರು ದೀವಿಹಲಸು ತಂದಿದ್ದರು, ಒಬ್ಬರು ತೊಗರಿಕಾಯಿ, ಇನ್ನೊಬ್ಬರು ಹಿಡಿದ ಕೂಡಲೇ ತಂದ ಮೀನು. ಹೆನಿಂಗ್‌ನ ಕೈಗೆ ಅವನ್ನೆಲ್ಲ ತುರುಕಿ, ಅವನತ್ತ ನೋಡದೆ ದೋಣಿಯ ಮೈ ಸವರತೊಡಗಿದರು.

"ಅಯ್ಯೋ, ಎಷ್ಟು ಸೊರಗಿದಾಳೆ ನೋಡೇ."

"ಸೊರಗಿಲ್ಲ, ಬಿಳಿ ಬಣ್ಣ ಹಚ್ಚಿದಾರಲ್ಲ, ಹಾಗೆ ಕಾಣ್ತಾಳೆ."

"ನಮ್ಮ ಡೋರ್ಕಾಸ್‌ನ ಚೆನ್ನಾಗಿ ನೋಡ್ಕೊಂಡಿದೀರಾ, ಡಾಕ್ಟ್ರೇ?"

"ಬಹಳ ಚೆನ್ನಾಗಿ ನೋಡಿಕೊಂಡಿದ್ದೇನೆ" ಎಂದ ಹೆನಿಂಗ್. ಡೋರ್ಕಾಸ್ ಯಾರೆಂದು ಅವನಿಗೆ ತಿಳಿಯಲಿಲ್ಲ, ಆದರೆ ಅವನು ಸಭ್ಯ ಮನುಷ್ಯ. ಈ ದೋಣಿ ಎಲ್ಲಿಯದೆಂದು ಕೇಳಿದರೆ, ಈ ದ್ವೀಪಗಳಲ್ಲೇ ಎಲ್ಲೋ ಕಟ್ಟಿದ್ದಂತೆ, ಕೊಟ್ಟವನೂ ಹಾಗೇ ಹೇಳಿದ, ತಾನು ಕೊಂಡು ಒಂಬತ್ತು ವರ್ಷವಾಯಿತು ಎಂದ. ಇದಕ್ಕಿಂತ ದೊಡ್ಡ ಸಾಕ್ಷಿ ಊರಿಗೆ ಬೇಕಿರಲಿಲ್ಲ. ಹಬ್ಬದೂಟಕ್ಕೆ ಕಡಿಯಲೆಂದು ಬಿಷಪ್‌ನ ಕೊರಳಿಗೆ ಹಗ್ಗ ಹಾಕಲು ಇಬ್ಬರು ಆಗಲೇ ಅಲ್ಫಿಯಸ್‌ನ ಹಿತ್ತಲಿಗೆ ಹೊರಟಿದ್ದರು.

ಬೇಕಿದ್ದದ್ದು ಒಬ್ಬಳಿಗೆ ಮಾತ್ರ. ಅಂಗಡಿಯ ಜೆಮ್ಮಾ ಯಾವುದನ್ನೂ ಕಣ್ಣಾರೆ ನೋಡದೆ ನಂಬಿದವಳಲ್ಲ. ಸತ್ತವರು ಎದ್ದುಬರುತ್ತಾರೆಂಬುದನ್ನು ಮಾತ್ರ ಪಾದ್ರಿಯ ಮೇಲಿನ ಮರ್ಯಾದೆಗೆ ಒಪ್ಪಿಕೊಂಡಿದ್ದಳು. ಅವಳು ನೇರ, ತಾನು ಟ್ಯಾಂಟಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಯೂಲಾಲಿಯ ಮನೆಗೆ ಬಂದು ಬಾಗಿಲಲ್ಲಿ ನಿಂತಳು.

"ಟ್ಯಾಂಟಿ, ಊರೆಲ್ಲ ಕುಣೀತಿದೆ. ನಾನಂತೂ ಮೀನು ನೋಡದೆ ಒಪ್ಪಲ್ಲ. ಮೀನಿದ್ರೆ ಡೋರ್ಕಾಸು. ಇಲ್ದಿದ್ರೆ ಯಾವುದೋ ಪರದೇಶಿ ದೋಣಿ, ನೀನು ನಿನ್ನ ಬಾಯಿ ಮುಚ್ಕೊಂಡೇ ಇರು."

ಹಿತ್ತಲಲ್ಲಿದ್ದ ಅಲ್ಫಿಯಸ್‌ಗೆ ಅದು ಕೇಳಿಸಿತು. ಕಿಟಕಿ ಆ ದಿನ ದಢಾರೆಂದಿರಲಿಲ್ಲ, ತೆರೆದೇ ಇತ್ತು. ಯೂಲಾಲಿ ಅದರೆದುರು ಬಹಳ ಹೊತ್ತಿನಿಂದ ನಿಂತಿದ್ದಳು.

"ಸರಿ, ನೋಡೋಣ. ಜೊತೆಗೆ ನೀನೂ ಬಾ" ಎಂದು ಜೆಮ್ಮಾಳಿಗೆ ಹೇಳಿ, ಒಳಗೆ ಹೋಗಿ, ಚರ್ಚಿಗೆ ಹಾಕುವ ಹ್ಯಾಟು ಹಾಕಿಕೊಂಡು, ಚರ್ಚಿಗೆ ಹಿಡಿಯುವ ಕೈಚೀಲ ಹಿಡಿದು ಬಂದಳು. ಹಿತ್ತಲ ಬಾಗಿಲಿಗೆ ಬಂದು, "ಬಿಷಪ್, ಆ ಮನುಷ್ಯನಿಗೆ ದೋಣಿ ತೆಗಿ ಅಂತ ಹೇಳು" ಎಂದಳು. ಆಮೇಲೆ ಹಗ್ಗ ಹಿಡಿದು ನಿಂತಿದ್ದ ಇಬ್ಬರತ್ತ ತಿರುಗಿ, "ನಾನು ಬರೋವರೆಗೂ ಇವನ ಮೈ ಮುಟ್ಟಿದ್ರೆ ನೋಡಿ" ಎಂದಳು.

ಅಲ್ಫಿಯಸ್ ಹುಟ್ಟು ಹಾಕಿದ. ಜೆಮ್ಮಾ ಮುಂದೆ ಕೂತಳು, ಯೂಲಾಲಿ ಹಿಂದೆ, ಅವನಿಗೆ ಎದುರಾಗಿ, ಅವನ ಭುಜದ ಮೇಲಿಂದ ದೂರ ನೋಡುತ್ತ. ಕೈಚೀಲ ತೊಡೆಯ ಮೇಲಿತ್ತು. ಅದರಲ್ಲೇನೋ ಭಾರದ್ದಿತ್ತು, ಬೈಬಲ್ಲಿರಬೇಕು, ಆಣೆ ಮಾಡಿಸಲು, ಎಂದುಕೊಂಡ. ಈಗಲೇ ಹೇಳಿಬಿಡಲೇ ಅನ್ನಿಸಿತು. ಒಳಗೆ ಹೋಗಿ ಬರಿಯ ಮರ ನೋಡಿ, ಊರಿನ ಇಷ್ಟು ದೋಣಿಗಳೆದುರು ತಲೆ ತಗ್ಗಿಸಿ ಬರುವುದಕ್ಕಿಂತ, ಇಲ್ಲೇ ನಡುನೀರಿನಲ್ಲಿ, ತನ್ನ ಬಾಯಿಂದಲೇ ಕೇಳಲಿ. ಎರಡು ಸಲ ಬಾಯಿ ತೆರೆದ. ಎರಡು ಸಲವೂ ಹೊರಬಂದದ್ದು ಏದುಸಿರು ಮಾತ್ರ. ಹೇಡಿ ನಾನು ಎಂದು ತನ್ನನ್ನು ತಾನೇ ಬೈದುಕೊಂಡು ಹುಟ್ಟು ಎಳೆದ.

ಹೆನಿಂಗ್ ಇಬ್ಬರು ಹೆಂಗಸರನ್ನೂ ಕೈಹಿಡಿದು ಮೇಲೆತ್ತಿಕೊಂಡ. ದಯವಿಟ್ಟು ಚಪ್ಪಲಿ ಬಿಡಬೇಕು, ಈಗಷ್ಟೇ ವಾರ್ನಿಷ್ ಮಾಡಿಸಿದ್ದು, ಎಂದ. ಅಲ್ಫಿಯಸ್‌ನನ್ನು ಯಾರೂ ಕರೆಯಲಿಲ್ಲ. ಅವನು ಯಾಟಿನ ಹಿಂಬದಿಗೆ ತನ್ನ ದೋಣಿ ಕಟ್ಟಿಕೊಂಡು ಅಲ್ಲೇ ಕೂತ. ಮೇಲಿನ ಕಿಂಡಿ ತೆರೆದಿದ್ದರಿಂದ ಒಳಗಿನ ಮಾತು ಕೇಳುತ್ತಿತ್ತು.

"ಇದು ಅಡುಗೆಮನೆ, ಇದು ಮಲಗುವ ಜಾಗ" ಅನ್ನುತ್ತಿದ್ದ ಹೆನಿಂಗ್. "ಜ್ಯೂಸ್ ಕುಡಿಯುತ್ತೀರಾ?" ಎಂದು ಬೆರಿಟ್ ಕೇಳಿದಳು.

"ತೀರ ಹಿಂದೆ ಏನಿದೆ?" ಯೂಲಾಲಿಯ ದನಿ.

"ಹಿಂದೆ? ಹಿಂದೆ ಟಾಯ್ಲೆಟ್."

"ಅದನ್ನ ನೋಡ್ಬೇಕು."

ಹೆನಿಂಗ್, "ಖಂಡಿತ. ಮುಗಿದ ಮೇಲೆ ಕೈಪಂಪನ್ನು ಏಳೆಂಟು ಸಲ ಒತ್ತಿ" ಎಂದ. ಬಾಗಿಲು ಮುಚ್ಚಿದ ಸದ್ದಾಯಿತು, ಅಗುಳಿ ಬಿದ್ದ ಸದ್ದಾಯಿತು.

ಅಲ್ಫಿಯಸ್ ಕಾದ. ಸುತ್ತಲಿನ ದೋಣಿಗಳಲ್ಲಿದ್ದ ಊರೂ ಕಾಯಿತು. ಪಂಪಿನ ಸದ್ದು ಕೇಳಿಸಿತು: ಗೊಳಕ್, ಗೊಳಕ್, ಗೊಳಕ್. ಏಳೆಂಟು ಸಲಕ್ಕೆ ನಿಲ್ಲಲಿಲ್ಲ. ತುಸು ಹೊತ್ತು ಬಿಟ್ಟು ಮತ್ತೆ ಗೊಳಕ್ ಗೊಳಕ್. ನಡುವೆ ಇನ್ನೇನೋ ಸಣ್ಣ ಸದ್ದು, ಇಲಿ ಕೆರೆದ ಹಾಗೆ. ಮತ್ತೆ ಪಂಪು. ಕೊಲ್ಲಿಯ ಅರ್ಧ ನೀರು ಆ ದೋಣಿಯೊಳಗೆ ಹೋಗಿ ಬಂದಿರಬೇಕು.

ಹೆನಿಂಗ್ ಮೇಲೆ ಬಂದು ಕಟಕಟೆ ಹಿಡಿದು ನಿಂತ. ಅಲ್ಫಿಯಸ್‌ನನ್ನು ನೋಡಿ, "ನಿಮ್ಮ ಶ್ರೀಮತಿಯವರಿಗೆ ಹುಷಾರಿಲ್ಲವೇ? ನಮ್ಮ ಹತ್ತಿರ ಮಾತ್ರೆಗಳಿವೆ" ಎಂದ.

"ಹುಷಾರಾಗಿದಾಳೆ ಡಾಕ್ಟ್ರೇ" ಎಂದ ಅಲ್ಫಿಯಸ್. ಒಳಗೆ ಅವಳು ಅಳುತ್ತಿದ್ದಾಳೆ, ಅಳುವಿನ ಸದ್ದು ಕೇಳದಿರಲೆಂದು ಪಂಪು ಒತ್ತುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಗಿತ್ತು. ಹೆಂಡತಿ ಅಳುತ್ತಿದ್ದರೂ ಒಳಗೆ ಹೋಗಿ ಏನಾಯಿತೇ ಎಂದು ಕೇಳಲಾರದ ಗಂಡಸು ತಾನು, ಎಂದುಕೊಂಡ. ಕಣ್ಣು ಮಂಜಾಯಿತು.

ಕೊನೆಗೆ ಅಗುಳಿ ತೆರೆಯಿತು.

"ಹೋಗಿ ನೋಡು, ಜೆಮ್ಮಾ" ಎಂದಳು ಯೂಲಾಲಿ.

ಜೆಮ್ಮಾ ಒಳಗೆ ಹೋದಳು. ತಕ್ಷಣ ಬರಲಿಲ್ಲ. ಬಂದವಳು ಮೇಲೆ ಹತ್ತಿ, ಊರಿನ ದೋಣಿಗಳತ್ತ ತಿರುಗಿ, ಅಂಗಡಿಯಲ್ಲಿ ಉಪ್ಪು ಮೀನಿನ ದರ ಹೇಳುವ ದನಿಯಲ್ಲೇ ಹೇಳಿದಳು: "ಮೀನಿದೆ. ಕಣ್ಣೂ ಇದೆ."

ಕೊಲ್ಲಿಯಲ್ಲಿ ಎದ್ದ ಕೂಗಿಗೆ ದಡದ ಹಕ್ಕಿಗಳು ಹಾರಿದವು. ಯಾರೋ ಶಂಖ ಊದಿದರು, ಯಾರೋ ಪಾದ್ರಿಯನ್ನು ಕರೆಯಲು ಓಡಿದರು. ಅಲ್ಫಿಯಸ್ ಮಾತ್ರ ಕೂತಲ್ಲೇ ಕೂತಿದ್ದ. ಕೋಳಿಗೂಡಿನಲ್ಲಿರಬೇಕಾದ ಮೀನು ಇಲ್ಲಿಗೆ ಹೇಗೆ ಬಂತು?

ಯೂಲಾಲಿ ಚಪ್ಪಲಿ ಕೈಯಲ್ಲಿ ಹಿಡಿದು ಏಣಿ ಇಳಿದು ಬಂದಳು, ಹಿಂದೆಯೇ ಜೆಮ್ಮಾ. ಹ್ಯಾಟು ಒಂದು ಕಡೆಗೆ ಸರಿದಿತ್ತು, ಮುಖ ಬೆವೆತಿತ್ತು. ಅವನಿಗೆ ಎದುರಾಗಿ ಕೂತಳು. ಅವನ ಭುಜದ ಮೇಲಿಂದ ನೋಡಲಿಲ್ಲ, ಅವನನ್ನೇ ನೋಡಿದಳು. ಸುತ್ತ ಊರು ಉಸಿರು ಬಿಗಿಹಿಡಿಯಿತು. ಇಪ್ಪತ್ತೊಂದು ವರ್ಷದ ಮೇಲೆ ಬರುವ ಮೊದಲ ಮಾತು ಯಾವುದಿರಬಹುದೆಂದು ಊರಿನಲ್ಲಿ ಆಗಾಗ ಚರ್ಚೆಯಾಗುತ್ತಿತ್ತು. ಬೈಗುಳವೇ ಎಂದು ಬಹುಮತವಿತ್ತು.

"ಹಗ್ಗ ತಪ್ಪು ಕಡೆ ಕಟ್ಟಿದೀಯ, ಅಲ್ಫಿಯಸ್" ಎಂದಳು ಯೂಲಾಲಿ.

"ಹೌದಾ?" ಎಂದ ಅವನು.

"ಗಾಳಿ ಈ ಕಡೆಯಿಂದ ಬರ್ತಿದೆ. ಬಿಚ್ಚುವಾಗ ದೋಣಿ ತಿರುಗಿ ಹೊಡೆಯುತ್ತೆ. ಅಪ್ಪ ನಿನಗೆ ಎಷ್ಟು ಸಲ ಹೇಳಿದ್ರು."

"ಹೇಳಿದ್ರು."

ಅವನು ಹಗ್ಗ ಬಿಚ್ಚಿದ. ದೋಣಿ ತಿರುಗಿ ಹೊಡೆಯಿತು. ಊರು ತುಸು ನಿರಾಶೆಯಿಂದಲೇ ಚಪ್ಪಾಳೆ ತಟ್ಟಿತು.

ಹುಟ್ಟು ಹಿಡಿಯಲು ಮುಂದಕ್ಕೆ ಬಾಗಿದಾಗ ಅವನಿಗೆ ಅದು ಕಾಣಿಸಿತು: ಅವಳ ಎದೆಯ ಮೇಲೆ, ಬಟ್ಟೆಯ ಲೇಸಿಗೆ ಸಿಕ್ಕಿಕೊಂಡು, ಉಗುರಿನಷ್ಟು ಚಿಕ್ಕ ಮರದ ಸಿಪ್ಪೆ. ಉಳಿ ಎಬ್ಬಿಸಿದ, ಸುರುಳಿಯಾದ ಹೊಸ ಸಿಪ್ಪೆ. ಅವಳ ತೊಡೆಯ ಮೇಲಿದ್ದ ಕೈಚೀಲದ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ. ಒಳಗಿದ್ದದ್ದು ಬೈಬಲ್ಲಲ್ಲ. ಝೆಫಿರಿನ್ ಮಾಸ್ತರ ಉಳಿಯ ಹಿಡಿಯನ್ನು ಅವನು ಎಲ್ಲಿ ಕಂಡರೂ ಗುರುತಿಸಬಲ್ಲ.

ಅವನು ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ತೆಗೆಯಲಿಲ್ಲ. ಅವನು ಕೈ ಚಾಚಿ ಆ ಸಿಪ್ಪೆಯನ್ನು ಬಿಡಿಸಿ, ಮುಷ್ಟಿಯಲ್ಲಿಟ್ಟುಕೊಂಡು, ದೋಣಿಯಾಚೆ ನೀರಿಗೆ ಬಿಟ್ಟ.

ಮುಂದೆ ಕೂತ ಜೆಮ್ಮಾ ಆಕಾಶ ನೋಡುತ್ತಿದ್ದಳು. "ನಿಮ್ಮಪ್ಪನ ಕೈ ಕೊನೆಗಾಲಕ್ಕೆ ನಡುಗ್ತಿತ್ತು ಅಂತ ಕಾಣುತ್ತೆ, ಟ್ಯಾಂಟಿ. ಮೀನು ಸ್ವಲ್ಪ ಸೊಟ್ಟ ಇದೆ."

"ನಡುಗ್ತಿತ್ತು" ಎಂದಳು ಯೂಲಾಲಿ.

"ಹಾಗೇ ಅಂದ್ಕೊಂಡೆ" ಎಂದಳು ಜೆಮ್ಮಾ.

ಸಂಜೆ ದಡದಲ್ಲಿ ಊಟವಾಯಿತು. ಬಿಷಪ್‌ನ ಬದಲು ಜೆಮ್ಮಾಳ ಮೇಕೆ ಹೋಯಿತು; ಅದನ್ನು ಅವಳೇ ಕೊಟ್ಟಳು, ಯಾಕೆಂದು ಹೇಳಲಿಲ್ಲ. ಜೋಳದ ಹಿಟ್ಟಿನ ಮುದ್ದೆ, ತೊಗರಿ, ಶಂಖದ ಮಾಂಸ, ಡೋಲು, ರಮ್ಮು ಎಲ್ಲವೂ ಇತ್ತು. ಪಾದ್ರಿ ದೋಣಿಗೆ ನೀರು ಚಿಮುಕಿಸಿದರು. ಡೆನ್ಮಾರ್ಕಿನ ದಂಪತಿಯನ್ನು ಎತ್ತರದ ಕುರ್ಚಿಗಳಲ್ಲಿ ಕೂರಿಸಿ, ಮಗಳನ್ನು ಕರೆತಂದ ಅಳಿಯನಿಗೆ ಕೊಡುವಷ್ಟು ಬಡಿಸಿದರು. ಇದು ಯಾವ ಹಬ್ಬ ಎಂದು ಹೆನಿಂಗ್ ನಾಲ್ಕು ಜನರನ್ನು ಕೇಳಿದ, ನಾಲ್ಕು ಬೇರೆ ಬೇರೆ ಉತ್ತರ ಸಿಕ್ಕಿದವು. ಟಾಯ್ಲೆಟ್ಟಿನ ಮೀನನ್ನು ಅವನಿಗೆ ತೋರಿಸಿಯಾಗಿತ್ತು. ಅವನಿಗೆ ಕಣ್ಣು ತುಂಬಿ ಬಂದಿತ್ತು.

"ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಅದರ ಎದುರಿಗೇ ಕೂತಿದ್ದೇನೆ" ಎಂದು ಎಲ್ಲರಿಗೂ ಹೇಳಿದ. "ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ."

"ಇವರ ಕಣ್ಣಿಗೆ ಯಾವುದು ತಾನೇ ಬಿದ್ದಿದೆ" ಎಂದಳು ಬೆರಿಟ್, ಮುದ್ದೆ ಮುರಿಯುತ್ತ. ಯೂಲಾಲಿಯತ್ತ ನೋಡಿ ಒಮ್ಮೆ ನಕ್ಕಳು.

ಕತ್ತಲಾಗುವ ಮೊದಲೇ ಅಲ್ಫಿಯಸ್, ಯೂಲಾಲಿ ಮನೆಗೆ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತರು. ದಾರಿಯುದ್ದಕ್ಕೂ ಯೂಲಾಲಿ ಮಾತಾಡಿದ್ದಳು. ಅವನು ಕಟ್ಟಿದ ಕೋಳಿಬೇಲಿ ಸರಿಯಿಲ್ಲ, ಅವನ ತಂಗಿ ಕೊಟ್ಟ ಪರದೆ ಮೊದಲಿನಿಂದಲೂ ತನಗೆ ಹಿಡಿಸಿಲ್ಲ, ಚರ್ಚಿನಲ್ಲಿ ಅವನು ಎರಡನೆಯ ಸಾಲನ್ನು ಯಾವಾಗಲೂ ತಪ್ಪಾಗಿ ಹಾಡುತ್ತಾನೆ. ವರ್ಷಗಳಿಂದ ಕೂಡಿಟ್ಟದ್ದೆಲ್ಲ ಒಂದೊಂದಾಗಿ ಬಂತು. ಅವನು ಹೂಂ ಅನ್ನುತ್ತ ಬಂದ. ಜೀವನದಲ್ಲಿ ಅಷ್ಟು ಸುಖವಾಗಿ ಅವನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಮೆಟ್ಟಿಲ ಮೇಲೆ ಕೂತ ಮೇಲೆ ಅವಳ ಪಟ್ಟಿ ಮುಗಿಯಿತು. ಆಗ ಅವನು ಮೆಲ್ಲಗೆ, "ನಾನು ಅವಳನ್ನ ಮಾರಬಾರದಿತ್ತು, ಯೂಲಾ. ನಿನ್ನ ಕೇಳದೆ ಮಾರಬಾರದಿತ್ತು" ಎಂದ.

"ಮಾರಬಾರದಿತ್ತು."

"ಆ ಮೀನು..."

"ಆ ಸಿಮೆಂಟು ಹಡಗಿನವನು ಇದ್ನಲ್ಲ" ಎಂದಳು ಯೂಲಾಲಿ, ತೊಗರಿ ಬುಟ್ಟಿ ಹತ್ತಿರ ಎಳೆದುಕೊಂಡು. "ನೀನು ಅವನಿಗೆ ರಮ್ ಕುಡಿಸಿ ಕಳಿಸಿದೆ. ಅವನು ಜೋಲಿ ಹೊಡೀತಾ ನಮ್ಮ ಮನೆ ಮುಂದೇನೇ ಹೋಗ್ತಿದ್ದ. ಪಾಪ, ಹೊಟ್ಟೆ ಖಾಲಿ ಇತ್ತು, ಊಟಕ್ಕೆ ಕೂರಿಸಿದೆ. ಕೋಳಿಗೂಡಿನ ವಿಷಯ ನನಗೂ ಹೇಳಿದ. ಯಾರಿಗೂ ಹೇಳಬೇಡ, ಅಲ್ಲೊಬ್ಬ ಮುದುಕ ಕೇಳಿ ತುಂಬ ನೊಂದ್ಕೊಂಡ ಅಂದ."

ಅಲ್ಫಿಯಸ್ ಅವಳತ್ತ ತಿರುಗಿದ. "ಹನ್ನೆರಡು ವರ್ಷದಿಂದ ಗೊತ್ತಾ ನಿನಗೆ?"

"ಗೊತ್ತು."

"ಗೊತ್ತಿದ್ದೂ... ಹಾಗಾದ್ರೆ ಆಗಲೇ ಯಾವುದೋ ಒಂದು ದೋಣಿ ತೋರಿಸಿ, ಇದೇ ಅಂತ ಅಂದಿದ್ರೆ ಆಗ್ತಿರಲಿಲ್ವಾ?"

"ಅನ್ನೋಣ ಅಂತಾನೇ ಬಂದ ಬಂದ ಯಾಟು ನೋಡ್ತಿದ್ದೆ. ವರ್ಷ ವರ್ಷ ಕಿಟಕಿಗೆ ನಿಂತು ನೋಡ್ದೆ." ಒಂದು ತೊಗರಿಕಾಯಿ ಸುಲಿದಳು, ಕಾಳು ನೆಲಕ್ಕೆ ಬಿತ್ತು. "ಎಲ್ಲಾ ಪ್ಲಾಸ್ಟಿಕ್ಕು, ಅಲ್ಫಿಯಸ್. ಪ್ಲಾಸ್ಟಿಕ್ಕಲ್ಲಿ ಮೀನು ಕೊರೆಯೋಕಾಗುತ್ತಾ?"

ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಅವನೂ ಸುಲಿಯತೊಡಗಿದ. ಅಷ್ಟರಲ್ಲಿ ಬಿಷಪ್ ಎಂದಿನ ಹಾಗೆ ಬಂದು, ಇಬ್ಬರ ನಡುವೆ ತಲೆ ತೂರಿಸಿ, ಏನಾದರೂ ಹೇಳುವುದಿದೆಯೇ ಎಂದು ಕಾದು ನಿಂತಿತು.

"ಏನಿಲ್ಲ, ನೀನು ಹೋಗು" ಎಂದಳು ಯೂಲಾಲಿ. ಬಿಷಪ್ ಹೋಗಲಿಲ್ಲ. ಅವಳು ಅದರ ಮುಂದೆ ಸಿಪ್ಪೆಯ ರಾಶಿ ಸರಿಸಿ, ಗಂಡನ ಪಕ್ಕಕ್ಕೆ ಜರುಗಿ ಕೂತಳು.